ಪತ್ರೆಯಲ್ಲಿ ಹುಳುವಿನ ಪಾಲು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಾಡಿನ ಉದ್ದಗಲಕ್ಕೂ ಬಳಕೆಯಲ್ಲಿದೆ. ಕೈಯಳತೆಯಲ್ಲಿರುವುದರ ಬೆಲೆ ಮನುಷ್ಯನಿಗೆ ತಿಳಿಯುವುದಿಲ್ಲವೆಂಬುದು ಅದರ ಇಂಗಿತ. ಆದರೆ ಅದೇ ಹಿತ್ತಲು ಕೆಲವರಿಗೆ ಗುರುವಾಗಿ ನಿಂತು ಪಾಠ ಹೇಳಿದ್ದೂ ಉಂಟು. ಪೂಜೆಗೆಂದು ಹೂವು-ಪತ್ರೆಯನ್ನೂ ಅಡುಗೆಗೆಂದು ಸೊಪ್ಪು-ಕಾಯಿಯನ್ನೂ ಮನೆಯಂಗಳದಲ್ಲಿ ಬೆಳೆದುಕೊಳ್ಳುವ ಸದ್ಭಕ್ತರೆಲ್ಲರೂ ಒಂದಿಲ್ಲೊಂದು ದಿನ ಎದುರಿಸಲೇಬೇಕಾದ ಪ್ರಶ್ನೆಯೊಂದಿದೆ: ತಾನು ನೆಟ್ಟು ನೀರೆರೆದ ಗಿಡವು ತನಗೆ ಮಾತ್ರವೇ ಸೇರಿದ್ದೇ? ಧಾರವಾಡದ ನಿವೃತ್ತ ಶಿಕ್ಷಕಿಯೊಬ್ಬರಿಗೆ ಈ ಪ್ರಶ್ನೆ ಎದುರಾದದ್ದು ಒಂದು ಬಿಲ್ವದ ಗಿಡದ ಮೂಲಕ.

ಧಾರವಾಡದ ನೆಲ ಎರಡು ಬಗೆಯದು. ಪಡುವಣಕ್ಕೆ ಮಲೆನಾಡಿನ ಸೆರಗಿನ ಕೆಂಪು ಮಣ್ಣು, ಮೂಡಣಕ್ಕೆ ಬಯಲುಸೀಮೆಯ ಎರೆಮಣ್ಣು. ಈ ತಾಯಿಯವರ ಮನೆ ಇರುವುದು ಕೆಂಪು ಮಣ್ಣಿನ ಬದಿಯಲ್ಲಿ. ಮನೆಯ ಹಿಂದೆ ಹದಿನೈದು ಅಡಿ ಅಗಲ, ಮೂವತ್ತು ಅಡಿ ಉದ್ದದ ಹಿತ್ತಲು. ಅದರ ಈಶಾನ್ಯದ ಮೂಲೆಯಲ್ಲಿ ಅವರ ಪತಿ 2016ರಲ್ಲಿ ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರದಿಂದ ಬಿಲ್ವದ ಸಸಿಯೊಂದನ್ನು ತಂದು ನೆಟ್ಟರು. 2018ರಲ್ಲಿ ಅವರು ಲಿಂಗೈಕ್ಯರಾದರು. ಗಿಡ ಉಳಿಯಿತು. ಪ್ರತಿದಿನ ಬೆಳಗ್ಗೆ ಸ್ನಾನ ಮುಗಿಸಿ ಆ ಗಿಡದಿಂದ ಮೂರು ಪತ್ರೆಗಳನ್ನು ಮಾತ್ರ ಬಿಡಿಸಿ ತಂದು ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವುದು ಆ ತಾಯಿಯವರ ನೇಮವಾಯಿತು. ಪತ್ರೆ ಬಿಡಿಸುವಾಗಿನ ಆ ಅರೆಗಳಿಗೆ ಪತಿಯ ಸಂಗಡ ಮಾತನಾಡಿದಷ್ಟೇ ಸಮಾಧಾನ ಕೊಡುತ್ತಿತ್ತು.

2020ರ ಆಷಾಢ. ಶಾಲೆಗಳೆಲ್ಲ ಮುಚ್ಚಿದ್ದ ಕಾಲ. ಒಂಬತ್ತು ವರ್ಷದ ಮೊಮ್ಮಗ ಅಜ್ಜಿಯ ಮನೆಯಲ್ಲಿಯೇ ಇದ್ದನು. ಮಳೆ ಬಿದ್ದು ಬಿಲ್ವ ಹೊಸ ಚಿಗುರನ್ನು ತುಂಬಿಕೊಂಡಿತ್ತು. ಒಂದು ಮುಂಜಾನೆ ನೋಡಿದರೆ ಚಿಗುರಿನ ಅಂಚುಗಳೆಲ್ಲ ಕಚ್ಚಿದಂತಿದ್ದವು. ವಾರದೊಳಗೆ ಎದೆಯೆತ್ತರದ ಆ ಗಿಡದಲ್ಲಿ ಇಡೀ ಪತ್ರೆ ಸಿಗುವುದೇ ಕಷ್ಟವಾಯಿತು. ಹುಳು ತಿಂದ ಪತ್ರೆ ಪೂಜೆಗೆ ಸಲ್ಲದೆಂಬುದು ಮನೆಯ ಹಿರಿಯರಿಂದ ಬಂದ ರೂಢಿ. ಶ್ರಾವಣವೋ ಹೊಸ್ತಿಲಲ್ಲಿತ್ತು. ಪತಿ ನೆಟ್ಟ ಗಿಡ ಕಣ್ಣೆದುರಿಗೆ ಬೋಳಾಗುತ್ತಿದೆಯೆಂಬ ಸಂಕಟ ಒಂದೆಡೆ, ಶ್ರಾವಣದಲ್ಲಿ ಪತ್ರೆಗೆ ತತ್ವಾರವಾಗುವುದೆಂಬ ಚಿಂತೆ ಇನ್ನೊಂದೆಡೆ. ಪೇಟೆಯ ಅಂಗಡಿಯೊಂದಕ್ಕೆ ಹೋಗಿ ಕೇಳಿದರು. ಅಂಗಡಿಯವನು ಸಣ್ಣ ಬಾಟಲಿಯೊಂದನ್ನು ಮುಂದಿಟ್ಟು, "ಒಂದ ಸಲ ಹೊಡೀರಿ, ಒಂದ ಹುಳಾನೂ ಉಳಿಯಂಗಿಲ್ಲ" ಎಂದನು. ಅವನ ಮಾತು ಸುಳ್ಳಾಗಲಿಲ್ಲ.

ಆದರೆ ಆ ಹುಳುಗಳಲ್ಲೊಂದನ್ನು ಮೊಮ್ಮಗನು ಹತ್ತು ದಿನಗಳಿಂದ ನೋಡಿಕೊಂಡು ಬಂದಿದ್ದನು. ಹಕ್ಕಿಯ ಹಿಕ್ಕೆಯಂತೆ ಕಂದು-ಬಿಳಿಯಾಗಿದ್ದ ಆ ಹುಳು ಕ್ರಮೇಣ ಎಲೆಯ ಹಸುರನ್ನೇ ತಳೆದದ್ದು, ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಎರಡು ಕೊಂಬುಗಳನ್ನು ಚಾಚಿ ಘಾಟು ವಾಸನೆ ಬೀರುವುದು, ಇವನ್ನೆಲ್ಲ ಅವನು ಬೆರಗಿನಿಂದ ಕಂಡಿದ್ದನು. ಅಳತೆಪಟ್ಟಿ ಹಿಡಿದು ದಿನಕ್ಕೊಮ್ಮೆ ಅದರ ಉದ್ದವನ್ನು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದನು. ಔಷಧಿ ಸಿಂಪಡಿಸಿದ ಮರುದಿನ ಬೆಳಗ್ಗೆ ಹುಳು ಗಿಡದ ಬುಡದಲ್ಲಿ ಸುರುಟಿಕೊಂಡು ಬಿದ್ದಿತ್ತು. ಅಂಗೈಯಲ್ಲಿ ಅದನ್ನಿಟ್ಟುಕೊಂಡು ಹುಡುಗನು ಒಳಗೆ ಬಂದನು.

"ಆಯಿ, ಇದು ಹ್ಯಾಂಗ ಸತ್ತತು?"

"ಗೊತ್ತಿಲ್ಲಪ್ಪ" ಎಂದುಬಿಟ್ಟರು ಆ ತಾಯಿ.

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದವರು ಅವರು. ತತ್ತಿ, ಹುಳು, ಕೋಶ, ಚಿಟ್ಟೆ ಎಂದು ನಾಲ್ಕು ಚಿತ್ರಗಳನ್ನು ಕರಿಹಲಗೆಯ ಮೇಲೆ ಅದೆಷ್ಟು ಸಲ ಬರೆದಿದ್ದರೋ ಲೆಕ್ಕವಿಲ್ಲ. ಹಲಗೆಯ ಮೇಲಿನ ಎರಡನೆಯ ಚಿತ್ರವೇ ಹಿತ್ತಲಿಗೆ ಬಂದಾಗ ಅವರಿಗೆ ಅದರ ಗುರುತು ಹತ್ತಿರಲಿಲ್ಲ. ಹುಡುಗನು ನೋಟುಪುಸ್ತಕ ತೆರೆದು ಅಂದಿನ ಸಾಲನ್ನು ಬರೆದನು: "ಸತ್ತದ. ಕಾರಣ ಗೊತ್ತಿಲ್ಲ."

ಮೂರನೆಯ ದಿನ ಗಿಡದಲ್ಲಿ ಅಳಿದುಳಿದ ಒಳ್ಳೆಯ ಪತ್ರೆಗಳನ್ನು ಹುಡುಕಿ, ತೊಳೆದು, ಅವರು ಪೂಜೆಗೆ ಕುಳಿತರು. ಎಡ ಅಂಗೈಯ ಲಿಂಗದ ಮೇಲೆ ಪತ್ರೆಯನ್ನೇರಿಸಿ ಕಣ್ಣು ನೆಟ್ಟಾಗ ಮೂಗಿಗೆ ಬಡಿದದ್ದು ವಿಭೂತಿಯ ಗಂಧವಲ್ಲ, ಆ ಬಾಟಲಿಯ ವಾಸನೆ. ನೀರಿನಿಂದ ತೊಳೆದಿದ್ದರೂ ಅದು ಹೋಗಿರಲಿಲ್ಲ. ಪೂಜೆಯನ್ನು ಹೇಗೋ ಮುಗಿಸಿ ಎದ್ದು, ಕನ್ನಡಕ ಹಾಕಿಕೊಂಡು, ಬಾಟಲಿಯ ಮೈಮೇಲಿನ ಬರಹವನ್ನು ಮೊದಲ ಬಾರಿಗೆ ಓದಿದರು. ಅಲ್ಲೊಂದು ವಜ್ರಾಕೃತಿಯ ಗುರುತು, ಅದರ ಕೆಳಭಾಗದಲ್ಲಿ ಹಳದಿ ಬಣ್ಣ.

ಈ ಗುರುತಿನ ಅರ್ಥವನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು. ಭಾರತದಲ್ಲಿ ಮಾರಾಟವಾಗುವ ಕೀಟನಾಶಕಗಳ ಮೇಲೆ ವಿಷದ ತೀವ್ರತೆಗನುಗುಣವಾಗಿ ನಾಲ್ಕು ಬಣ್ಣಗಳಲ್ಲೊಂದು ಇರುತ್ತದೆ. ಕೆಂಪು ಅತ್ಯುಗ್ರ ವಿಷ, ಹಳದಿ ಉಗ್ರ ವಿಷ, ನೀಲಿ ಮಧ್ಯಮ, ಹಸುರು ಅಲ್ಪ. ಹಸುರೆಂದರೆ ನಿರುಪದ್ರವಿಯೆಂದಲ್ಲ, ಉಳಿದವುಗಳಿಗಿಂತ ಕಡಿಮೆಯೆಂದಷ್ಟೇ. ಸಿಂಪಡಿಸಿದ ಮೇಲೆ ಎಷ್ಟು ದಿನ ಕೊಯ್ಯಬಾರದೆಂಬುದೂ ಬೆಳೆಬೆಳೆಗೆ ಬೇರೆ ಬೇರೆಯಾಗಿ ನಮೂದಾಗಿರುತ್ತದೆ. ಅಂಗೈಯ ದೇವರಿಗೇರಿಸುವ ಬಿಲ್ವವನ್ನು ಯಾವ ಬಾಟಲಿಯೂ ಲೆಕ್ಕದಲ್ಲಿ ಹಿಡಿದಿರುವುದಿಲ್ಲ. ಪದಾರ್ಥವು ಅರ್ಪಿತವಾದಾಗ ಪ್ರಸಾದವಾಗುತ್ತದೆಂಬುದು ಶರಣಧರ್ಮದ ತಿರುಳು. ಆ ಪದಾರ್ಥವು ಯಾವ ಬಗೆಯಲ್ಲಿ ಬೆಳೆದು ಬಂತೆಂಬುದನ್ನು ಅರ್ಪಿಸುವವರೇ ಅರಿತಿರಬೇಕಲ್ಲವೆ? ಆ ತಾಯಿಯವರನ್ನು ಇರಿದದ್ದು ಈ ವಿಚಾರ. ಹುಳುವಿನ ಸಾವಿಗಿಂತಲೂ, ಹುಡುಗನೆದುರು ಆಡಿದ ಮಾತಿಗಿಂತಲೂ ಮೊದಲು ಅವರ ಮನಸ್ಸಿಗೆ ಬಂದದ್ದು ತಮ್ಮ ಅಂಗೈ.

ಅದೇ ಓಣಿಯಲ್ಲಿ ಕೃಷಿ ವಿಶ್ವವಿದ್ಯಾಲಯದಿಂದ ನಿವೃತ್ತರಾದ ಕೀಟಶಾಸ್ತ್ರದ ಪ್ರಾಧ್ಯಾಪಕರೊಬ್ಬರಿದ್ದಾರೆ. ಹಿತ್ತಲಿಗೆ ಬಂದು ಗಿಡವನ್ನು ನೋಡಿದ ಅವರು ನಕ್ಕು, "ಅಕ್ಕೋರ, ನೀವು ಕೊಂದದ್ದು ನಿಂಬಿ ಚಿಟ್ಟಿ" ಎಂದರು. ಬಿಲ್ವ, ನಿಂಬೆ, ಕರಿಬೇವು ಈ ಮೂರೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ನಿಂಬೆ ಚಿಟ್ಟೆ ತನ್ನ ತತ್ತಿಗಳನ್ನು ಈ ಕುಟುಂಬದ ಗಿಡಗಳ ಎಳೆಯ ಚಿಗುರಿನ ಮೇಲೆಯೇ ಒಂದೊಂದಾಗಿ ಇಡುತ್ತದೆ. ಅದರ ಮರಿಗೆ ಬೇರೆ ಗಿಡದ ಎಲೆ ಆಹಾರವಾಗದು. ಎಲೆ ತಿಂದು ಬೆಳೆದು, ಕೋಶ ಕಟ್ಟಿ, ಸುಮಾರು ಒಂದು ತಿಂಗಳೊಳಗೆ ಕಪ್ಪು-ಹಳದಿ ರೆಕ್ಕೆಯ ಚಿಟ್ಟೆಯಾಗಿ ಹಾರಿಹೋಗುತ್ತದೆ. ಬೇರು ಬಿಟ್ಟ ಗಿಡ ಇದರಿಂದ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ತೀರ ಸಣ್ಣ ಸಸಿಯಾದರೆ ಸೊಳ್ಳೆಪರದೆಯ ತುಂಡೊಂದನ್ನು ಹೊದಿಸಿದರೆ ಸಾಕು, ಚಿಟ್ಟೆ ತತ್ತಿಯಿಡಲಾರದು. ಇಷ್ಟಕ್ಕೆ ವಿಷವೇಕೆ ಬೇಕಿತ್ತು?

ಪ್ರಾಧ್ಯಾಪಕರು ಇನ್ನೊಂದನ್ನೂ ತೋರಿಸಿದರು. ಬಿಲ್ವದ ಪಕ್ಕದಲ್ಲಿಯೇ ಕುಂಬಳದ ಬಳ್ಳಿ ಹಬ್ಬಿತ್ತು. ಅದರಲ್ಲಿ ಹೂವಿಗೇನೂ ಕೊರತೆಯಿರಲಿಲ್ಲ, ಆದರೆ ಹೀಚುಗಳೆಲ್ಲ ಹಳದಿಯಾಗಿ ಉದುರುತ್ತಿದ್ದವು. ಕುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯೊಂದು ಅರಳುವ ಮೊದಲೇ ಇರುತ್ತದೆ. ಬೆಳಗಿನ ಹೊತ್ತಿನಲ್ಲಿ ಜೇನುಹುಳು ಪರಾಗವನ್ನು ತಂದು ಮುಟ್ಟಿಸಿದರೆ ಅದು ಬೆಳೆಯುತ್ತದೆ, ಇಲ್ಲವಾದರೆ ಕೊಳೆತು ಬೀಳುತ್ತದೆ. ಬಿಲ್ವದ ಹುಳುವಿಗೆಂದು ಸಿಂಪಡಿಸಿದ ವಿಷ ಗಾಳಿಯಲ್ಲಿ ತೇಲಿ ಕುಂಬಳದ ಹೂವಿನ ಮೇಲೂ ಬಿದ್ದಿತ್ತು. ಬದನೆ-ಟೊಮ್ಯಾಟೊಗಳದು ಇನ್ನೂ ಸೂಕ್ಷ್ಮವಾದ ಸಂಗತಿ. ಅವುಗಳ ಪರಾಗ ಕೊಳವೆಯಂಥ ಕೋಶದೊಳಗೆ ಅಡಗಿರುತ್ತದೆ. ದುಂಬಿ ಮತ್ತು ನೀಲಿಪಟ್ಟೆಯ ಜೇನು ಹೂವನ್ನು ಅಪ್ಪಿಹಿಡಿದು ಝೇಂಕರಿಸಿದಾಗ ಆ ಕಂಪನಕ್ಕೆ ಪರಾಗ ಉದುರುತ್ತದೆ. ಹೂವಿನ ಮೇಲೆ ಕೇಳುವ ಆ ಝೇಂಕಾರವು ಒಂದು ಕಾಯಕವೆಂಬುದನ್ನು ಅಂದು ಆ ತಾಯಿ ತಿಳಿದರು.

ಅಲ್ಲಿಂದ ಹಿತ್ತಲಿನ ಕ್ರಮವೇ ಬದಲಾಯಿತು. ಎಲ್ಲಕ್ಕಿಂತ ಮೊದಲು ಹುಳುವಿನ ಪಾಲನ್ನು ತೆಗೆದಿಟ್ಟರು. ಹಿತ್ತಲ ಇನ್ನೊಂದು ತುದಿಯಲ್ಲಿ ಒಂದು ನಿಂಬೆ, ಎರಡು ಕರಿಬೇವಿನ ಸಸಿಗಳನ್ನು ನೆಟ್ಟರು. ಕರಿಬೇವಿನಲ್ಲಿ ಒಂದು ಅಡುಗೆಗೆ, ಒಂದು ಹುಳುವಿಗೆ. ಬಿಲ್ವದ ಮೇಲೆ ಹುಳು ಹೆಚ್ಚಾದಾಗ ಎಲೆಯ ಸಮೇತ ಕೆಲವನ್ನು ನಿಂಬೆಯ ಚಿಗುರಿಗೆ ದಾಟಿಸುತ್ತಾರೆ. ಕೆಲವು ಒಗ್ಗಿಕೊಳ್ಳುತ್ತವೆ, ಕೆಲವು ಒಗ್ಗಿಕೊಳ್ಳುವುದಿಲ್ಲ. ಮರಿಗಳಿಗೆ ಹುಳು ಹುಡುಕುತ್ತ ಪಿಕಳಾರವೂ ದರ್ಜಿಹಕ್ಕಿಯೂ ಬರತೊಡಗಿದ ಮೇಲೆ ಆ ಲೆಕ್ಕವನ್ನು ಅವೇ ನೋಡಿಕೊಳ್ಳುತ್ತಿವೆ. ಬೇಲಿಯ ಪಕ್ಕ ತಾನಾಗಿ ಎದ್ದ ಎಕ್ಕೆಯನ್ನು ಮೊದಲಿನಂತೆ ಕಿತ್ತೆಸೆಯದೆ ಬಿಟ್ಟರು. ಅದರ ಎಲೆಯನ್ನುಂಡು ಬೆಳೆಯುವ ಕಿತ್ತಳೆ ಬಣ್ಣದ ಚಿಟ್ಟೆಯ ಜಾತಿಯೇ ಬೇರೆ. ಚೆಲುವಾದ ಹೂವೆಂದು ಬೇಲಿಗೆ ಹಚ್ಚಿದ್ದ ಲಂಟಾನವನ್ನು ಮಾತ್ರ ಬೇರುಸಹಿತ ತೆಗೆಸಿದರು. ಅಮೆರಿಕ ಖಂಡದಿಂದ ಅಲಂಕಾರಕ್ಕೆಂದು ತಂದ ಆ ಗಿಡ ಇಂದು ನಾಡಿನ ಕಾಡುಗಳನ್ನೇ ಆವರಿಸಿಕೊಂಡಿದೆ. ಹಕ್ಕಿಗಳು ಅದರ ಬೀಜವನ್ನು ದೂರದೂರಕ್ಕೆ ಒಯ್ದು ಬಿತ್ತುತ್ತವೆ.

ಎರಡನೆಯದು ಮಣ್ಣು. ಮಾಗಿಯ ಮುಂಜಾನೆ ಉದುರಿದೆಲೆಗಳನ್ನು ಗುಡಿಸಿ ಬೆಂಕಿಯಿಕ್ಕುವುದು ಬಡಾವಣೆಗಳಲ್ಲಿ ಇಂದಿಗೂ ಕಾಣುವ ರೂಢಿ. ಗಿಡವು ಮಣ್ಣಿನಿಂದ ಪಡೆದದ್ದನ್ನು ಮಣ್ಣಿಗೆ ಮರಳಿಸಲು ಉದುರಿಸಿದ ಎಲೆ ಹೀಗೆ ಹೊಗೆಯಾಗಿ ಹೋಗುತ್ತದೆ. ಆ ತಾಯಿಯವರು ತೂತುಗಳಿರುವ ಎರಡು ಹಳೆಯ ಡ್ರಮ್ಮುಗಳನ್ನು ನೆರಳಿನಲ್ಲಿಟ್ಟರು. ಕಾಯಿಪಲ್ಲೆಯ ಸಿಪ್ಪೆ, ಪೂಜೆಯ ಬಾಡಿದ ಹೂವು, ಚಹದ ಗಷ್ಟು ಒಂದು ಪಾಲು. ಅದರ ಮೇಲೆ ಒಣಗಿದೆಲೆ ಎರಡು ಪಾಲು. ಹೀಗೆ ಪದರ ಪದರವಾಗಿ ತುಂಬಿ, ವಾರಕ್ಕೊಮ್ಮೆ ಕೋಲಿನಿಂದ ತಿರುವಿದರೆ ಎರಡು-ಮೂರು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧವಾಗುತ್ತದೆ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ಮಾತ್ರ ತೊಟ್ಟಿಕ್ಕಬಾರದು. ಅದೇ ಹದ. ದುರ್ವಾಸನೆ ಬಂದರೆ ಹಸಿಯದು ಹೆಚ್ಚಾಗಿದೆ, ಗಾಳಿ ಸಾಲದೆಂದು ತಿಳಿದು ಒಣಗಿದೆಲೆ ಸೇರಿಸಿದರಾಯಿತು. ಇದಕ್ಕೆ ಎರೆಹುಳುವೂ ಕೂಡಿದರೆ ಗೊಬ್ಬರದ ಸತ್ವ ಇನ್ನೂ ಹೆಚ್ಚು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ರಾಧಾ ಕಾಳೆಯವರು ಎರೆಹುಳುಗಳ ಕುರಿತು ನಡೆಸಿದ ದೀರ್ಘಕಾಲದ ಸಂಶೋಧನೆ ಈ ವಿದ್ಯೆಯನ್ನು ನಾಡಿನ ರೈತರಿಗೆ ಹತ್ತಿರ ಮಾಡಿದೆ. ದೇವರಿಗೇರಿಸಿದ ಹೂವನ್ನು ಎಲ್ಲೆಂದರಲ್ಲಿ ಎಸೆಯಲು ಮನಸ್ಸೊಪ್ಪದವರಿಗೂ ಇದೊಂದು ದಾರಿ. ಆ ಹೂವು ಮರುವರ್ಷದ ಹೂವಾಗಿ ಮರಳಿ ಬರುತ್ತದೆ.

ಮೂರನೆಯದು ನೀರು. ಹತ್ತಡಿ ಉದ್ದ, ಹತ್ತಡಿ ಅಗಲದ ಚಾವಣಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ 90 ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ. ಅದನ್ನು ಪೀಪಾಯಿಗೆ ತಿರುಗಿಸಿ, ಸೊಳ್ಳೆ ಒಳಹೊಗದಂತೆ ದಟ್ಟ ಬಲೆ ಕಟ್ಟಿದರು. ಕುಂಡಗಳ ಕೆಳಗಿನ ತಟ್ಟೆಗಳನ್ನು ವಾರಕ್ಕೊಮ್ಮೆ ಬರಿದು ಮಾಡುವುದು ಕಡ್ಡಾಯ. ಏಕೆಂದರೆ ಡೆಂಗ್ಯೂ ಹರಡುವ ಸೊಳ್ಳೆ ತತ್ತಿಯಿಂದ ರೆಕ್ಕೆ ಪಡೆಯಲು ಹೆಚ್ಚುಕಡಿಮೆ ಒಂದು ವಾರ-ಹತ್ತು ದಿನ ಸಾಕು. ಬೇಸಿಗೆಗೆಂದು ಗಿಡಗಳ ನಡುವೆ ಮಣ್ಣಿನ ಗಡಿಗೆಗಳನ್ನು ಕಂಠದವರೆಗೆ ಹೂಳಿ, ನೀರು ತುಂಬಿ, ಬಾಯಿ ಮುಚ್ಚಿದರು. ಗಡಿಗೆಯ ಮೈಯಿಂದ ನೀರು ಮಣ್ಣು ಬೇಡಿದಷ್ಟೇ ಜಿನುಗುತ್ತದೆ. ಬುಡಕ್ಕೆ ಒಣಗಿದೆಲೆಯ ಹೊದಿಕೆಯಿದ್ದರೆ ನೀರು ಇನ್ನೂ ಕಡಿಮೆ ಸಾಕಾಗುತ್ತದೆ.

ನಾಲ್ಕನೆಯದು ಬೀಜ. ಸಂಕರಣ ತಳಿಯ ಕಾಯಿಯಿಂದ ತೆಗೆದ ಬೀಜ ಮುಂದಿನ ಸಲ ತಾಯಿಯ ಗುಣವನ್ನೇ ಕೊಡುವುದೆಂಬ ಭರವಸೆಯಿಲ್ಲ. ಜವಾರಿ ತಳಿಗಳ ಬೀಜವನ್ನಾದರೆ ಮನೆಯಲ್ಲಿಯೇ ಒಣಗಿಸಿ, ಬೂದಿಯಲ್ಲಿ ಕಲಸಿ ಕಾಯ್ದಿಟ್ಟುಕೊಳ್ಳಬಹುದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳದಲ್ಲಿ ಬೀಜಗಳೂ ದೊರೆಯುತ್ತವೆ, ಕೇಳಿದ್ದಕ್ಕೆ ಉತ್ತರ ಹೇಳುವ ತಜ್ಞರೂ ದೊರೆಯುತ್ತಾರೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಹೊರತಂದ ಅರ್ಕಾ ಹೆಸರಿನ ತಳಿಗಳಲ್ಲಿ ಅರ್ಕಾ ಅನಾಮಿಕಾ ಬೆಂಡೆ, ಅರ್ಕಾ ವಿಕಾಸ್ ಟೊಮ್ಯಾಟೊ ಮೊದಲಾದವು ಬೀಜ ಉಳಿಸಿಕೊಳ್ಳಬಹುದಾದವು. ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಹಣ್ಣು-ಹೂವಿನ ಸಸಿಗಳು ಮಿತವಾದ ಬೆಲೆಗೆ ಸಿಗುತ್ತವೆ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ವೇಳೆ ಬೆಂಗಳೂರಿಗೆ ಹೋಗುವವರು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವನ್ನು ಕಣ್ಣಿಗೆ ಹಬ್ಬವೆಂದು ನೋಡಿ ಬಂದರೆ ಸಾಲದು. ಮನೆಯ ಮಣ್ಣಿಗೆ ಹೊಂದುವ ಒಂದು ಸಸಿಯ ವಿಚಾರವನ್ನಾದರೂ ಕೇಳಿ ಬರಬೇಕು.

ಇಷ್ಟಾದರೂ ಕೀಟದ ಕಾಟ ಇಲ್ಲವಾಗಲಿಲ್ಲ. ಬದನೆಗೆ ಹೇನು ಹತ್ತಿದಾಗ ಅವರು ಬೇವಿನ ಬೀಜದ ತಿರುಳು 50 ಗ್ರಾಂ ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಚಿಟಿಕೆ ಸಾಬೂನು ಬೆರೆಸಿ ಸಿಂಪಡಿಸುತ್ತಾರೆ. ಸಿಂಪಡಿಸುವುದು ಸಂಜೆಗೆ ಮಾತ್ರ. ಬೇವಿನ ಸತ್ವ ಬಿಸಿಲಿಗೆ ಬೇಗ ಅಳಿಯುತ್ತದೆ, ಸಂಜೆಗೆ ಜೇನೂ ಗೂಡು ಸೇರಿರುತ್ತದೆ. ಶಿಲೀಂಧ್ರಕ್ಕೆ ಬೇವಿನೆಣ್ಣೆಯ ಪ್ರಯೋಗದ ಮೇಲೆ ಹೊರದೇಶದವರು 1994ರಲ್ಲಿ ಯುರೋಪಿನಲ್ಲಿ ಪೇಟೆಂಟ್ ಪಡೆದಿದ್ದರು. ಭಾರತೀಯರು ಹೋರಾಡಿ ಅದನ್ನು 2000ದಲ್ಲಿ ರದ್ದುಪಡಿಸಿದರು, 2005ರಲ್ಲಿ ಆ ತೀರ್ಪೇ ಸ್ಥಿರವಾಯಿತು. ಹಾಗೆ ಉಳಿಸಿಕೊಂಡ ಬೇವನ್ನೂ ವಿವೇಕದಿಂದಲೇ ಬಳಸಬೇಕು. ಚಿಟ್ಟೆಯ ಮರಿಗೂ ಅದು ಮಾರಕ. ಆದ್ದರಿಂದ ಬಿಲ್ವ, ನಿಂಬೆ, ಕರಿಬೇವುಗಳ ಬಳಿ ಅವರು ಬೇವಿನ ನೀರನ್ನೂ ಒಯ್ಯುವುದಿಲ್ಲ.

ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಪ್ರಸಂಗ ಎಲ್ಲರಿಗೂ ಗೊತ್ತಿದ್ದದ್ದೇ. ಅದನ್ನು ಶಾಲೆಯಲ್ಲಿ ಆ ತಾಯಿಯವರೂ ಎಷ್ಟೋ ಸಲ ಹೇಳಿದ್ದರು. ಹಿತ್ತಲಿನಲ್ಲಿ ಅದಕ್ಕೊಂದು ಅರ್ಥವಿದೆಯೆಂದು ಹೊಳೆದದ್ದು ಮಾತ್ರ ಈಚೆಗೆ. ತನಗೆ ಬೇಕಾದುದು ದಿನಕ್ಕೆ ಮೂರು ಪತ್ರೆ. ಗಿಡದಲ್ಲಿ ನೂರಾರು. ಉಳಿದುದಕ್ಕೆ ವಾರಸುದಾರರು ಬೇರೆಯವರಿದ್ದಾರೆ. ಅವರು ಬಂದು ಉಂಡುಹೋದರೆ ಅದು ನಷ್ಟವಲ್ಲ, ದಾಸೋಹ.

ಆದರೆ ಇನ್ನೊಂದು ಸಾಲ ತೀರುವುದು ಬಾಕಿಯಿತ್ತು. 2021ರ ಮಳೆಗಾಲದಲ್ಲಿ ಮೊಮ್ಮಗ ಮತ್ತೆ ಬಂದನು. ಬಿಲ್ವದ ಚಿಗುರಿನ ಮೇಲೆ ಹಿಕ್ಕೆಯಂಥ ಹುಳುವೊಂದನ್ನು ಕಂಡೊಡನೆ ಹಳೆಯ ನೋಟುಪುಸ್ತಕವನ್ನು ಹುಡುಕಿ ತಂದನು. ಹೊಸ ಹಾಳೆಗಾಗಿ ಪುಟ ತಿರುವುವಾಗ ಹಿಂದಿನ ವರ್ಷದ ಕೊನೆಯ ಸಾಲು ತೆರೆದುಕೊಂಡಿತು. ಆ ತಾಯಿ ಪುಸ್ತಕವನ್ನು ಕೇಳಿ ತೆಗೆದುಕೊಂಡರು. ತಪ್ಪು ಉತ್ತರಗಳನ್ನು ತಿದ್ದುವ ಕೆಂಪು ಪೆನ್ನು ನಿವೃತ್ತಿಯ ನಂತರವೂ ಮೇಜಿನ ಮೇಲಿತ್ತು. "ಕಾರಣ ಗೊತ್ತಿಲ್ಲ" ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ಗುಂಡಗಿನ ಅಕ್ಷರಗಳಲ್ಲಿ ಬರೆದರು: "ಆಯಿ ವಿಷ ಸಿಂಪಡಿಸಿದಳು. ಕೇಳಿದಾಗ ಸುಳ್ಳು ಹೇಳಿದಳು." ಕೆಳಗೆ ಸಹಿ ಮಾಡಿ, ತಾರೀಖು ಹಾಕಿ, ಪುಸ್ತಕವನ್ನು ಮರಳಿಸಿದರು.

ಹುಡುಗನು ಅದನ್ನು ಎರಡು ಸಲ ಓದಿದನು. ಬಹಳ ಹೊತ್ತು ಏನನ್ನೂ ಹೇಳಲಿಲ್ಲ. ಆಮೇಲೆ ಕೇಳಿದನು: "ಆ ಬಾಟ್ಲಿ ಈಗ ಎಲ್ಲೈತಿ?"

ಕಪಾಟಿನ ಮೇಲಿನ ಖಾನೆಯಲ್ಲಿ ಬೀಗದೊಳಗಿತ್ತು. ಗಟಾರಕ್ಕೆ ಸುರಿದರೆ ಕೆರೆಗೆ ಸೇರುತ್ತದೆ, ಮಣ್ಣಿಗೆ ಸುರಿದರೆ ಎರೆಹುಳುವನ್ನು ಕೊಲ್ಲುತ್ತದೆ ಎಂಬ ಅಂಜಿಕೆಯಿಂದ ಅವರು ಅದನ್ನು ಮುಟ್ಟಿರಲಿಲ್ಲ. ಅಂದು ಇಬ್ಬರೂ ಕೂಡಿ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮೇಲೆ "ವಿಷ" ಎಂದು ದೊಡ್ಡದಾಗಿ ಬರೆದ ಚೀಟಿ ಹಚ್ಚಿ, ಕಸದ ಗಾಡಿಯವರ ಕೈಗೆ ಬೇರೆಯಾಗಿಯೇ ಒಪ್ಪಿಸಿದರು. ಹಸಿ ಕಸದೊಡನೆ ಒಣ ಕಸದೊಡನೆ ಬೆರೆಸದೆ ಹೀಗೆ ಹೇಳಿ ಕೊಡುವುದೇ ಸರಿಯಾದ ಕ್ರಮ. ಅದನ್ನು ಕೊಳ್ಳದಿರುವುದು ಅದಕ್ಕಿಂತಲೂ ಸರಿಯಾದುದು.

ಬಿಲ್ವ ಈಗ ಮಾಳಿಗೆಯೆತ್ತರಕ್ಕೆ ಬೆಳೆದಿದೆ. ಮಳೆಗಾಲದಲ್ಲಿ ಅದರ ಕೆಳಗಿನ ಕೊಂಬೆಗಳಲ್ಲಿ ಅರೆ ತಿಂದ ಎಲೆಗಳೇ ಹೆಚ್ಚು. ಆ ತಾಯಿ ಬೆಳಗ್ಗೆ ಗಿಡದ ಬಳಿ ನಿಂತು, ಹುಳುವಿಲ್ಲದ ಕೊಂಬೆಯನ್ನು ಹುಡುಕಿ, ಮೂರು ಪತ್ರೆಗಳನ್ನು ಬಿಡಿಸಿಕೊಳ್ಳುತ್ತಾರೆ. ಹುಳುವಿರುವ ಕೊಂಬೆಯನ್ನು ಅಲುಗಿಸದಂತೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.